ತೆಗೆಯಲು ಹೆದರುತ್ತಿದ್ದವರು

ಅವರು ತೀರಿಕೊಂಡರೆಂದು ಫೋನಿನಲ್ಲಿ ಕೇಳಿದಾಗ ನಾನು ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹೊಳಲ್ಕೆರೆ ಬಸ್ಸಿಗೆ ಕಾಯುತ್ತಿದ್ದೆ. ಅಳು ಬರಬೇಕಿತ್ತು, ಬಂದದ್ದು ಭಯ. ಇನ್ನು ಲ್ಯಾಬಿನ ಕಂಪ್ಯೂಟರ್ ನಿಂತರೆ ಯಾರನ್ನು ಕರೆಯುವುದು ಎಂಬ ಶುದ್ಧ ಸ್ವಾರ್ಥದ ಭಯ. ಬಸ್ಸು ಹತ್ತಿ ಕುಳಿತ ಮೇಲೆ ನಗು ಬಂತು, ಅದರ ಬೆನ್ನಿಗೇ ಅಳು. ಜೀವಮಾನವೆಲ್ಲ ಹೆದರಿಕೊಂಡೇ ಬದುಕಿದ ಮನುಷ್ಯ, ಹೋಗುವಾಗ ಅದನ್ನು ನನಗೂ ಅಂಟಿಸಿ ಹೋದರಲ್ಲ ಎಂದುಕೊಂಡೆ.

ಅವರ ಹೆಸರನ್ನು ಬರೆಯುವುದಿಲ್ಲ. ಒಮ್ಮೆ ನಮ್ಮ ನರ್ಸಿಂಗ್ ಹೋಮಿನ ಸಿಬ್ಬಂದಿಯ ಫೋಟೋ ಪೇಪರಿನಲ್ಲಿ ಬರುತ್ತದೆ ಅಂದಾಗ ಹಿಂದಿನ ಸಾಲಿನಲ್ಲಿ ತಲೆ ಬಗ್ಗಿಸಿ ನಿಂತವರು ಅವರು. "ಹೆಸ್ರು, ಮಖ ಎಲ್ಡೂ ಊರಿಗೆ ಕೊಟ್ಬಿಟ್ರೆ ನಮ್ಮತ್ರ ಏನು ಉಳೀತೈತೆ ಹೇಳಮ್ಮ?" ಎಂದಿದ್ದರು. ಆ ಮಾತಿಗೆ ಈಗಲೂ ಬೆಲೆ ಕೊಡುತ್ತೇನೆ. ಇಲ್ಲಿ ಅವರು ಬರೀ ಸಾರ್.

ನಾನು ಹೊಳಲ್ಕೆರೆಯ ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಚಿತ್ರದುರ್ಗದ ಪಕ್ಕದ ಮದಕರಿಪುರದ ಮನೆಯಿಂದ ದಿನಾ ಓಡಾಟ. ಸಾರ್ ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದರು, ಚಿಕ್ಕಜಾಜೂರಿನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಐವತ್ತು ದಾಟಿದ, ತೆಳ್ಳಗಿನ, ಅಂಗಿಯ ತೋಳಿನ ಗುಂಡಿ ಯಾವತ್ತೂ ಬಿಚ್ಚದ ಮನುಷ್ಯ. ರೈಲು ಜಂಕ್ಷನ್ನಿನ ಊರಲ್ಲಿ ಹುಟ್ಟಿ ಬೆಳೆದವರು. ಊರಿನವರೆಲ್ಲ ಹಳಿ ದಾಟಿಕೊಂಡು ಓಡಾಡಿದರೆ ಇವರೊಬ್ಬರೇ ಮೇಲುಸೇತುವೆ ಹತ್ತಿ ಇಳಿಯುತ್ತಿದ್ದರಂತೆ, ಹಳಿಯ ಮೇಲೆ ಎಮ್ಮೆ ಮಲಗಿರುವುದು ಕಣ್ಣಿಗೆ ಕಾಣುತ್ತಿದ್ದರೂ. ಸಕ್ಕರೆ ಕಾಯಿಲೆ ಇರಲಿಲ್ಲ. ಬಂದೀತು ಎಂದು ಹೆದರಿ ಟೀಗೆ ಸಕ್ಕರೆ ಬಿಟ್ಟಿದ್ದರು. ಪ್ಲಗ್ಗು ಕೀಳುವ ಮುಂಚೆ ಬೆರಳಿನ ಹಿಂಬದಿಯಿಂದ ಒಂದು ಸಲ ಮುಟ್ಟಿ ನೋಡುತ್ತಿದ್ದರು. ಅವರ ತಂದೆ ಕಲಿಸಿದ್ದಂತೆ, ಕರೆಂಟು ಹೊಡೆದರೆ ಕೈ ತಾನಾಗಿ ಹಿಂದಕ್ಕೆ ಬರಲಿ ಎಂದು.

ಇಂಥವರನ್ನು ಕಂಡರೆ ಸುಮ್ಮನಿರುವ ಜಾತಿ ನನ್ನದಲ್ಲ. "ಸಾರ್, ಹಲ್ಲಿ ಲೊಚಗುಟ್ಟಿತು" ಎಂದರೆ ಸಾಕು, ಕೀಬೋರ್ಡಿನ ಮೇಲಿದ್ದ ಕೈ ಮಡಿಲಿಗೆ ಬರುತ್ತಿತ್ತು. ನಾನು ನಗುತ್ತಿದ್ದೆ. ಅವರೂ ನಗುತ್ತಿದ್ದರು, ಆದರೆ ಕೈಯನ್ನು ವಾಪಸ್ಸು ಇಡಲು ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತಿದ್ದರು.

ನಮ್ಮಲ್ಲಿಗೆ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಾಗಿ, ಲಿನಕ್ಸ್ ಬಂದದ್ದೇ ಅವರ ಹೆದರಿಕೆಯಿಂದ. ಹಿಂದೆ ಹೊಸದುರ್ಗದಲ್ಲಿ ಲಗ್ನಪತ್ರಿಕೆ ಮಾಡಿಕೊಡುವ ಡಿಟಿಪಿ ಅಂಗಡಿ ಇಟ್ಟಿದ್ದರಂತೆ. ಯಾರದೋ ಪೆನ್‌ಡ್ರೈವಿನಿಂದ ವೈರಸ್ಸು ಬಂದು, ಮದುವೆಯ ಕಾಲದಲ್ಲಿ, ಇದ್ದಬದ್ದ ಪತ್ರಿಕೆಗಳನ್ನೆಲ್ಲ ನುಂಗಿ ಹಾಕಿತು. ಮದುಮಕ್ಕಳ ಕಡೆಯವರು ಅಂಗಡಿ ಮುಂದೆ ಬಂದು ಕೂಗಾಡಿದರು, ಅಂಗಡಿ ಮುಚ್ಚಿತು. ಹಾವು ತುಳಿದವನಿಗೆ ಹಗ್ಗ ಕಂಡರೂ ಭಯ. ಅಂದಿನಿಂದ ಪೆನ್‌ಡ್ರೈವು ಕಂಡರೆ ದೂರ ನಿಲ್ಲುತ್ತಿದ್ದರು, ತಾವು ಮುಟ್ಟುವ ಕಂಪ್ಯೂಟರಿಗೆಲ್ಲ ಲಿನಕ್ಸ್ ಹಾಕುತ್ತಿದ್ದರು. ಅದಕ್ಕೆ ವೈರಸ್ಸಿನ ಕಾಟ ಕಡಿಮೆ ಎಂಬುದೊಂದೇ ಅವರ ವಾದ.

ಲಿನಕ್ಸಿನಲ್ಲಿ ತಂತ್ರಾಂಶಗಳು ಪ್ಯಾಕೇಜುಗಳಾಗಿ ಬರುತ್ತವೆ, ಒಂದನ್ನು ಹಾಕಿದರೆ ಅದಕ್ಕೆ ಬೇಕಾದ ಬೇರೆ ಪ್ಯಾಕೇಜುಗಳೂ ಜತೆಗೆ ಬರುತ್ತವೆ. ಅದೇನೆಂದು ಸಾರ್ ನನಗೆ ತಿಳಿಸಿಕೊಟ್ಟದ್ದು ಲಗ್ನಪತ್ರಿಕೆಯ ಭಾಷೆಯಲ್ಲೇ. "ಮದ್ವೆಗೆ ನೀನು ಒಬ್ರನ್ನ ಕರೀತೀಯ. ಅವ್ರು ಜತೆಗೆ ನಾಕು ಜನನ್ನ ಕರ್ಕಂಡು ಬರ್ತಾರೆ. ಕರೆದೋರು ಬ್ಯಾರೆ, ಜತೆಗೆ ಬಂದೋರು ಬ್ಯಾರೆ. ಎಲ್ರಿಗೂ ಊಟ ಹಾಕಬೇಕು. ಕರೆದೋರು ಉಂಡು ಎದ್ದು ಹೋದ್ರು ಅನ್ಕ. ಜತೆಗೆ ಬಂದೋರು ಅಲ್ಲೇ ಜಮಖಾನದ ಮ್ಯಾಲೆ ಮಲಗಿಬಿಟ್ಟಿರ್ತಾರೆ. ಡಿಸ್ಕ್ ತುಂಬೋದು ಹಂಗೆ." ಹಾಗೆ ಉಳಿದು ಹೋದವನ್ನು ಹುಡುಕಿ ಕೊಡುವ ಆದೇಶ ಲಿನಕ್ಸಿನಲ್ಲೇ ಇದೆ. ಇವು ಯಾರಿಗೂ ಬೇಡವಾದವು, ತೆಗೆಯಲೇ ಎಂದು ಕೇಳುತ್ತದೆ. ಹೂಂ ಅಂದರೆ ತೆಗೆಯುತ್ತದೆ.

ಬೇರೆಯವರು ಹೂಂ ಒತ್ತಿ ಟೀ ಕುಡಿಯಲು ಹೋಗುತ್ತಾರೆ. ಸಾರ್ ಹಾಗಲ್ಲ. ಮೊದಲು ಏನನ್ನೂ ತೆಗೆಯದೆ, ತೆಗೆದರೆ ಏನೇನು ಹೋಗುತ್ತದೆ ಎಂದು ತೋರಿಸಲು ಮಾತ್ರ ಕಂಪ್ಯೂಟರಿಗೆ ಹೇಳುತ್ತಿದ್ದರು. "ಮೊದ್ಲು ನಾಟ್ಕ, ಆಮೇಲೆ ಕೊಲೆ" ಎನ್ನುತ್ತಿದ್ದರು. ಆಮೇಲೆ ಪರದೆಯ ಮೇಲಿನ ಒಂದೊಂದೇ ಪ್ಯಾಕೇಜಿನ ಹೆಸರನ್ನು ಗಟ್ಟಿಯಾಗಿ ಓದಿ, ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಕೂತ ಹಿರಿಯರು ಹೊಸಬರನ್ನು ಕೇಳುವ ಧಾಟಿಯಲ್ಲೇ ಕೇಳುತ್ತಿದ್ದರು: "ಯಾರ ಕಡೆಯೋರಪ್ಪ ನೀವು?" ಅದನ್ನು ಕೇಳಿ ತಿಳಿಯಲು ಇನ್ನೊಂದು ಆದೇಶವಿತ್ತು. ಇಂಥವರ ಕಡೆಯವರು ಎಂದು ಉತ್ತರ ಬಂದರೆ ಬಿಟ್ಟುಬಿಡುತ್ತಿದ್ದರು. ಯಾರ ಕಡೆಯವರೂ ಅಲ್ಲ ಎಂದು ಬಂದರೆ ಲೊಚಗುಟ್ಟಿ, "ಪಾಪ" ಎಂದು ತೆಗೆಯುತ್ತಿದ್ದರು. ಎದುರಿಗೆ ಯಾರಾದರೂ ಕೂತಿರಲೇಬೇಕು. ಒಬ್ಬರೇ ಇದ್ದಾಗ ಏನನ್ನೂ ತೆಗೆದವರಲ್ಲ. ಹೆಚ್ಚಾಗಿ ನಾನೇ ಕೂರುತ್ತಿದ್ದೆ, ರಕ್ತದ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಾ.

ವರ್ಷಕ್ಕೊಮ್ಮೆ ದೊಡ್ಡದಾಗಿ ಶುಚಿ ಮಾಡುವುದು ಆಯುಧಪೂಜೆಯ ಹಿಂದಿನ ದಿನ. ಊರಲ್ಲೆಲ್ಲ ಲಾರಿ, ಟ್ರ್ಯಾಕ್ಟರು, ಹೊಲಿಗೆ ಯಂತ್ರ ತೊಳೆದು ಒರೆಸುವ ಹೊತ್ತು. ನಾವು ಕಂಪ್ಯೂಟರಿನ ಹೊರಗಿನ ಧೂಳು ಒರೆಸಿದರೆ ಅವರು ಒಳಗಿನದನ್ನು ತೆಗೆಯುತ್ತಿದ್ದರು. ಮರುದಿನ ಬೆಳಿಗ್ಗೆ ಯಂತ್ರಗಳನ್ನೆಲ್ಲ ಆರಿಸಿ, ಕುಂಕುಮ ಹಚ್ಚಿ, ಚೆಂಡುಹೂವು ಇಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆಯುವುದು. ಮಧ್ಯಾಹ್ನದವರೆಗೆ ಯಂತ್ರಕ್ಕೆ ವಿಶ್ರಾಂತಿ. ಎಮರ್ಜೆನ್ಸಿ ಇಲ್ಲದಿದ್ದರೆ ಅಷ್ಟು ಹೊತ್ತು ಲ್ಯಾಬಿನಲ್ಲಿ ಯಾರೂ ಗುಂಡಿ ಒತ್ತುವಂತಿಲ್ಲ. ನಮ್ಮ ದೊಡ್ಡ ಸಿಸ್ಟರ್ ಈ ವಿಷಯದಲ್ಲಿ ಬಲು ಗಟ್ಟಿ.

ಒಂದು ವರ್ಷದ ಹಬ್ಬವನ್ನು ಮಾತ್ರ ಮರೆಯಲಾರೆ. ಮಳೆ ನಿಂತು ಡೆಂಗಿ ಹಬ್ಬಿತ್ತು. ವಾರ್ಡಿನಲ್ಲಿ ಚಿಕ್ಕಜಾಜೂರಿನ ರೈಲ್ವೆ ಕೆಲಸಗಾರರೊಬ್ಬರ ಹೆಂಡತಿ, ತುಂಬು ಗರ್ಭಿಣಿ, ಜ್ವರದಲ್ಲಿ ಮಲಗಿದ್ದರು. ಡೆಂಗಿಯಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿಯುತ್ತದೆ. ಇಳಿದದ್ದು ಗೊತ್ತಾಗದೆ ಹೆರಿಗೆ ನೋವು ಶುರುವಾದರೆ ರಕ್ತ ನಿಲ್ಲುವುದಿಲ್ಲ. ಇಳಿಯಿತು ಎಂದು ಗೊತ್ತಾದ ಕೂಡಲೇ ಚಿತ್ರದುರ್ಗದ ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ಡಾಕ್ಟರು ತೀರ್ಮಾನಿಸಿದ್ದರು. ಅದನ್ನು ಎಣಿಸುವುದು ನಮ್ಮ ಲ್ಯಾಬಿನ ಕೌಂಟ್ ಮಷೀನು. ಅದಕ್ಕೆ ತನ್ನದೇ ಪರದೆ ಇಲ್ಲ, ಪಕ್ಕದ ಕಂಪ್ಯೂಟರಿನಲ್ಲಿ ಕಂಪನಿಯವರು ಹಾಕಿಕೊಟ್ಟ ತಂತ್ರಾಂಶ ನಡೆಯುತ್ತಿದ್ದರೆ ಮಾತ್ರ ಲೆಕ್ಕ ಕಾಣಿಸುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೈಯಾರೆ ಎಣಿಸುವುದನ್ನು ನಾನು ಕಲಿತದ್ದು ನಿಜ, ಕೈ ತಪ್ಪಿ ವರ್ಷಗಳಾಗಿದ್ದವು.

ಹಬ್ಬದ ಹಿಂದಿನ ದಿನ ಆ ಕಂಪ್ಯೂಟರು ಡಿಸ್ಕ್ ತುಂಬಿದೆ ಎಂದು ಗೋಳಾಡತೊಡಗಿತು. ಸಾರ್ ಬಂದು ಕೂತರು. ನಾಟಕ ಆಯಿತು, ಒಂದೊಂದನ್ನೇ ಕೇಳಿದ್ದಾಯಿತು, ಕೆಲವನ್ನು ತೆಗೆದದ್ದಾಯಿತು. ಸಂಜೆ ಆ ಹೆಣ್ಣುಮಗಳ ರಕ್ತ ಎಣಿಸಿದೆ, ಮಷೀನು ಸರಿಯಾಗಿಯೇ ನಡೆಯಿತು, ಲೆಕ್ಕವೂ ಇಳಿದಿರಲಿಲ್ಲ. ಮುಂದಿನ ಎಣಿಕೆ ಮರುದಿನ ಪೂಜೆ ಮುಗಿದ ಮೇಲೆ ಎಂದು ಡಾಕ್ಟರು ಹೇಳಿ ಹೋದರು.

ಮರುದಿನ ಸಾರ್‌ಗೆ ರಜೆ. ಆದರೂ ಬಂದರು. "ನಿದ್ದೆ ಬರ್ಲಿಲ್ಲ ಕಣಮ್ಮ. ತೆಗೆದ ಮ್ಯಾಲೆ ಒಂದ್ಸಲ ನೋಡ್ಬೇಕು, ಯಾರಾದ್ರೂ ಅಳ್ತಾ ಅವ್ರಾ ಅಂತ." ತೆಗೆದುಹಾಕಿದ ಕಡತವನ್ನು ಇನ್ನೂ ಯಾವ ತಂತ್ರಾಂಶವಾದರೂ ಹಿಡಿದುಕೊಂಡಿದೆಯೇ ಎಂದು ಹುಡುಕುವ ಒಂದು ಬಗೆ ಅವರಿಗೆ ಗೊತ್ತಿತ್ತು. ಹುಡುಕಿದರು. ನಾನು ಹೂವು ಬಿಡಿಸುತ್ತಿದ್ದವಳು ಅವರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ.

"ಏನಾಯ್ತು ಸಾರ್?"

"ಕೌಂಟ್ ಮಷೀನಿಂದು ತೆಗೆದ್ಬಿಟ್ಟೀನಮ್ಮ."

"ನಡೀತಾ ಐತಲ್ಲ ಸಾರ್. ನಿನ್ನೆ ಸಂಜೇನೂ ಎಣಿಸಿದೀನಿ."

"ನಡೀತೈತೆ. ನಾನು ತೆಗೆಯೋಕೆ ಮುಂಚೇನೇ ಅದನ್ನ ನೆನಪಿಗೆ ತಗಂಡೈತೆ, ಅದರ ಮ್ಯಾಲೆ ಓಡ್ತಾ ಐತೆ. ಕಾಲು ಇಲ್ಲ, ಆದ್ರೂ ನಡೀತೈತೆ. ಒಂದ್ಸಲ ಕುಂತ್ರೆ ಏಳಂಗಿಲ್ಲ."

ಆದದ್ದು ಇಷ್ಟು. ಕಂಪನಿಯವನು ಆ ತಂತ್ರಾಂಶವನ್ನು ಪ್ಯಾಕೇಜಿನ ದಾರಿಯಲ್ಲಿ ತಂದಿರಲಿಲ್ಲ, ಕೈಯಾರೆ ನಕಲು ಮಾಡಿ ಇಟ್ಟು ಹೋಗಿದ್ದ. ಮುಂಬಾಗಿಲಲ್ಲಿ ಬಾರದ ನೆಂಟ ಅದು, ಕಂಪ್ಯೂಟರಿನ ಲೆಕ್ಕದಲ್ಲೇ ಇಲ್ಲ. ಅದು ಆತುಕೊಂಡಿದ್ದ ಪ್ಯಾಕೇಜನ್ನು ಹಿಂದಿನ ದಿನ ಸಾರ್ ಯಾರ ಕಡೆಯವರು ಎಂದು ಕೇಳಿದಾಗ, ಯಾರ ಕಡೆಯವರೂ ಅಲ್ಲ ಎಂಬ ಉತ್ತರವೇ ಬಂದಿತ್ತು. ಪಾಪ ಎಂದು ತೆಗೆದಿದ್ದರು. ನಾನು ಎದುರಿಗೇ ಇದ್ದೆ.

ಅಷ್ಟರಲ್ಲಿ ದೊಡ್ಡ ಸಿಸ್ಟರ್ ಆರತಿ ತಟ್ಟೆ ಹಿಡಿದು ಒಳಗೆ ಬಂದರು. "ಏನ್ರೀ, ಇನ್ನೂ ಆರ್ಸಿಲ್ವಾ ಇದನ್ನ?" ಎಂದು ಸ್ವಿಚ್ಚಿಗೆ ಕೈ ಹಾಕಿದರು.

ಸಾರ್ ಅಡ್ಡ ನಿಂತುಬಿಟ್ಟರು. ಎರಡೂ ಕೈ ಅಗಲಿಸಿ, ಬೆನ್ನನ್ನು ಕಂಪ್ಯೂಟರಿಗೆ ಒತ್ತಿ. ಆ ಮನುಷ್ಯ ಯಾರಿಗಾದರೂ ಅಡ್ಡ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. "ಮುಟ್ಬ್ಯಾಡ್ರಿ ಸಿಸ್ಟರ್! ಕೈ ಮುಗೀತೀನಿ."

"ಯಂತ್ರ ಆರಿಸ್ದೆ ಪೂಜೆ ಮಾಡ್ತಾರೇನ್ರೀ? ಹಬ್ಬದ ದಿನ ಅಪಶಕುನ ಆಡ್ಬ್ಯಾಡ್ರಿ, ಸರೀರಿ ಆ ಕಡೆ."

"ಉಳಿದಿದ್ದೆಲ್ಲ ಆರ್ಸ್ರಿ. ಇದೊಂದು ಬ್ಯಾಡ."

ಸಿಸ್ಟರ್ ಗೊಣಗುತ್ತಾ ಎಕ್ಸ್‌ರೇ ಕೋಣೆಗೆ ಹೋದರು. ಸಾರ್ ನೆಟ್ಟಿನಿಂದ ಆ ಪ್ಯಾಕೇಜನ್ನು ಮತ್ತೆ ತರಿಸಲು ನೋಡಿದರು. ತೀರಾ ಹಳೆಯ ಆವೃತ್ತಿ, ಸಿಗಲಿಲ್ಲ. ಕಂಪನಿಯವನಿಗೆ ಫೋನು ಮಾಡಿದರು. ಹಬ್ಬ, ಯಾರೂ ಎತ್ತಲಿಲ್ಲ. ಅವರ ಮನೆಯಲ್ಲಿ ಆ ಆವೃತ್ತಿಯ ಡಿವಿಡಿ ಇತ್ತು, ಹೋಗಿ ತರಬೇಕು. ಹೋಗಿ ಬರುವಷ್ಟರಲ್ಲಿ ಕರೆಂಟು ಹೋದರೆ? ಬೀದಿ ತುಂಬ ಹಬ್ಬದ ಸೀರಿಯಲ್ ದೀಪ, ತೊಳೆಯುವ ಮೋಟಾರು, ಲ್ಯಾಬಿನ ದೀಪ ಆಗಲೇ ಎರಡು ಸಲ ಮಿಟುಕಿತ್ತು. ಯುಪಿಎಸ್ಸಿನ ಬ್ಯಾಟರಿ ಮುದಿಯಾಗಿತ್ತು. ಹೆದರುವವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ಹಾಗೆ. ವಾರ್ಡಿನಲ್ಲಿ ಮಲಗಿದ್ದ ಆ ಹೆಣ್ಣುಮಗಳ ಹೊಟ್ಟೆಯೇ ಕಣ್ಣ ಮುಂದೆ.

ಸಾರ್ ಮೆಲ್ಲಗೆ ಹೇಳಿದರು: "ಹೇಳ್ದಿದ್ರೆ ಯಾರಿಗೂ ಗೊತ್ತಾಗಂಗಿಲ್ಲ ಅಮ್ಮ. ಕರೆಂಟ್ ಹೋಗಿ ಕೆಟ್ಟೋತು ಅಂತಾರೆ. ಕಂಪನಿಯೋರು ಬಂದು ಸರಿ ಮಾಡ್ತಾರೆ."

ನನಗೂ ಅದೇ ಸರಿ ಅನ್ನಿಸಿತ್ತೋ ಏನೋ. ಅವರು ಮಾತ್ರ ಎದ್ದು ಡಾಕ್ಟರ ಕೋಣೆಯ ಕಡೆ ನಡೆದರು. ಡಾಕ್ಟರ ದನಿ ಕೇಳಿದರೆ ಸಾಕು, ಔಷಧಿ ಕೌಂಟರಿನ ಹಿಂದೆ ಸರಿಯುತ್ತಿದ್ದ ಮನುಷ್ಯ. ಇವರು ಅಲ್ಲಿ ಬಿದ್ದುಗಿದ್ದು ಹೋದರೆ ಎಂದು ನಾನೂ ಹಿಂದೆ ಓಡಿದೆ. ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೇ ನಿಂತು ಹೇಳಿದರು.

"ಸಾರ್, ಕೌಂಟ್ ಮಷೀನು ಇನ್ನೊಂದ್ಸಲ ನಿಂತ್ರೆ ಏಳಲ್ಲ. ನಾನೇ ಮಾಡಿದ್ದು. ನಿನ್ನೆ ತೆಗೀಬಾರದ್ದು ತೆಗೆದ್ಬಿಟ್ಟೆ."

ಡಾಕ್ಟರು ಬಾಯಿಗೆ ಬಂದಂತೆ ಬೈದರು. ಅವನ್ನು ಬರೆಯುವ ಅಗತ್ಯವಿಲ್ಲ. ಸಾರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಬೈಗುಳ ನಿಂತ ಕೂಡಲೇ ಡಾಕ್ಟರು ನನ್ನ ಕಡೆ ತಿರುಗಿದರು: "ಈಗ ನಡೀತಾ ಐತಾ?"

"ಐತೆ ಸಾರ್."

"ಹಂಗಾದ್ರೆ ನಿಂತ್ಕಂಡೇನ್ ನೋಡ್ತೀಯ? ಆಯಮ್ಮಂದು ರಕ್ತ ತಗಂಡು ಈಗ್ಲೇ ಹಾಕು. ಪೂಜೆ ಗೀಜೆ ಆಮೇಲೆ."

ಸಿರಿಂಜು, ಟ್ಯೂಬು ಹಿಡಿದು ವಾರ್ಡಿಗೆ ಓಡಿದೆ. ಆ ಹೆಣ್ಣುಮಗಳು ನನ್ನ ಮುಖ ನೋಡಿ, "ಯಾಕಕ್ಕ, ಪೂಜೆ ಆದ್ಮ್ಯಾಲೆ ಅಂದಿದ್ರಲ್ಲ?" ಎಂದರು. ಹಬ್ಬ ಅಲ್ವಾ, ಬೇಗ ಮುಗಿಸಾಣ ಅಂದೆ. ಟ್ಯೂಬನ್ನು ಮಷೀನಿಗೆ ಕೊಟ್ಟು ಗುಂಡಿ ಒತ್ತಿದ್ದೇ ಕರೆಂಟು ಹೋಯಿತು. ಯುಪಿಎಸ್ಸು ಬೀಪ್, ಬೀಪ್ ಎಂದು ಬಡಿದುಕೊಳ್ಳತೊಡಗಿತು. ಫ್ಯಾನು ನಿಂತ ಆ ಕೋಣೆಯಲ್ಲಿ ಮಷೀನು ರಕ್ತ ಹೀರುವ ಸದ್ದು, ಬೀಪು, ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತ ಸಾರ್. ಬೀಪು ಇನ್ನೂ ಜೋರಾಯಿತು. ಆಗ ಪರದೆಯ ಮೇಲೆ ಲೆಕ್ಕ ಬಂತು. ಹಿಂದಿನ ಸಂಜೆಗಿಂತ ಅರ್ಧಕ್ಕೂ ಕೆಳಗೆ ಇಳಿದಿತ್ತು.

ಡಾಕ್ಟರು ಒಂದು ಕ್ಷಣವೂ ತಡ ಮಾಡಲಿಲ್ಲ. ಬೂದುಗುಂಬಳ ಒಡೆಯಲು ತೊಳೆದು ನಿಲ್ಲಿಸಿದ್ದ ಆಂಬುಲೆನ್ಸಿಗೆ, ಚೆಂಡುಹೂವಿನ ಹಾರ ಸಮೇತ, ಆಕೆಯನ್ನು ಹತ್ತಿಸಿ ಚಿತ್ರದುರ್ಗಕ್ಕೆ ಕಳಿಸಿದರು. ಅದು ಗೇಟು ದಾಟುವಾಗ ಲ್ಯಾಬಿನಲ್ಲಿ ಯುಪಿಎಸ್ಸಿನ ಬಡಬಡಿಕೆ ನಿಂತು, ಪರದೆ ಕಪ್ಪಾಯಿತು. ಕರೆಂಟು ಬಂದ ಮೇಲೆ ಹಾಕಿ ನೋಡಿದೆ. ಸಾರ್ ಹೇಳಿದಂತೆಯೇ, ಮಷೀನಿನ ತಂತ್ರಾಂಶ ಏಳಲಿಲ್ಲ.

ಸಾರ್ ಮೊಪೆಡ್ಡಿನಲ್ಲಿ ಚಿಕ್ಕಜಾಜೂರಿಗೆ ಹೋಗಿ ಡಿವಿಡಿ ತಂದು, ಪ್ಯಾಕೇಜನ್ನು ವಾಪಸ್ಸು ಹಾಕಿ, ಮತ್ತೆ ಎಬ್ಬಿಸುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಎದ್ದಿತು. ಸಿಸ್ಟರ್ ಬಂದು ಕುಂಕುಮ ಹಚ್ಚಿದರು. ಸಾರ್ ನೆಲದ ಮೇಲೆ ಗೋಡೆಗೆ ಒರಗಿ ಕೂತವರು, ಪ್ರಸಾದದ ಬಾಳೆಹಣ್ಣು ಕೊಟ್ಟರೆ ಸುಲಿಯಲಾರದೆ ಹಾಗೇ ಹಿಡಿದುಕೊಂಡಿದ್ದರು. ಸಂಜೆ ಚಿತ್ರದುರ್ಗದಿಂದ ಫೋನು ಬಂತು. ದಾರಿಯಲ್ಲೇ ನೋವು ಶುರುವಾಗಿತ್ತಂತೆ, ಹೋಗುವಷ್ಟರಲ್ಲಿ ಅಲ್ಲಿ ರಕ್ತ ಸಿದ್ಧವಿತ್ತು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಪೂಜೆ ಮುಗಿಯುವವರೆಗೆ ಕಾದಿದ್ದರೆ ಎಂಬ ಮಾತನ್ನು ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು.

ಸಾರ್ ಕೆಲಸದಲ್ಲಿ ಉಳಿದರು. ಆದರೆ ಅವರ ರೀತಿಗೆ ಇನ್ನೊಂದು ಸೇರಿಕೊಂಡಿತು. ಏನನ್ನೇ ತೆಗೆಯಲಿ, ತೆಗೆದ ಕೂಡಲೇ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕುತ್ತಿದ್ದರು. "ಏಳಲ್ಲ ಅನ್ನೋದು ನಾವು ಇದ್ದಾಗ್ಲೇ ಗೊತ್ತಾಗ್ಲಿ" ಎನ್ನುತ್ತಿದ್ದರು. ಅದು ಎದ್ದು ನಿಲ್ಲುವವರೆಗೆ ಉಸಿರು ಬಿಡುತ್ತಿರಲಿಲ್ಲ. ನಾನು ಹಲ್ಲಿಯ ತಮಾಷೆ ಮಾಡುವುದನ್ನು ಬಿಟ್ಟೆ.

ಆ ಹೆಣ್ಣುಮಗಳು ಇದ್ದದ್ದು ಅವರ ಊರಲ್ಲೇ, ರೈಲ್ವೆ ಕ್ವಾರ್ಟರ್ಸಿನಲ್ಲಿ. ಮಗು ಬೆಳೆದು ಓಡಾಡತೊಡಗಿದ ಮೇಲೆ ಸಾರ್ ಆ ಬೀದಿಯನ್ನೇ ಬಿಟ್ಟರು. ಯಾಕೆ ಎಂದು ಒಮ್ಮೆ ಕೇಳಿದೆ. "ಆ ಕೂಸು ನನ್ನ ನೋಡಿ ನಗ್ತೈತೆ ಕಣಮ್ಮ. ಇದನ್ನ ಇಲ್ದಂಗೆ ಮಾಡ್ತಿದ್ನಲ್ಲ ಅನ್ಸುತ್ತೆ." ನೀವಲ್ಲವೇ ಉಳಿಸಿದ್ದು ಎಂದೆ. ಅವರ ಕಿವಿಗೆ ಅದು ಬೀಳಲೇ ಇಲ್ಲ.

ಸಾವಿನ ಸುದ್ದಿ ಬಂದ ಆ ದಿನ ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸಿ ಚಿಕ್ಕಜಾಜೂರಿನ ಅವರ ಮನೆಗೆ ಹೋದೆ. ಎದೆನೋವು ಎಂದರಂತೆ, ಅಷ್ಟೇ. ಪಡಸಾಲೆಯಲ್ಲಿ ಮಲಗಿಸಿದ್ದರು. ಬಾಗಿಲ ಬಳಿ ಆ ಹೆಣ್ಣುಮಗಳು ಮಗಳ ಕೈ ಹಿಡಿದು ನಿಂತಿದ್ದರು. ನನ್ನ ಗುರುತು ಹಿಡಿದು ಹತ್ತಿರ ಬಂದರು.

"ಒಂದೇ ಊರೋರು ಅಂತ ಬಂದೆ ಅಕ್ಕ. ಆಯಪ್ಪಂಗೆ ನಮ್ಮನ್ನ ಕಂಡ್ರೆ ಆಗ್ತಿರ್ಲಿಲ್ಲ. ಈ ಹುಡುಗಿ ಎದುರಿಗೆ ಬಂದ್ರೆ ಆ ಕಡೆ ಸರಿದು ಹೋಗ್ಬಿಡೋರು. ನಾವೇನು ತಪ್ಪು ಮಾಡಿದ್ವೋ ಕಾಣೆ."

ಹೇಳಿದರೆ ಸತ್ತವರ ಮಾನ ತೆಗೆದಂತಾದೀತು. ಹೇಳದಿದ್ದರೆ ಈಕೆ ಜೀವನಪೂರ್ತಿ ಹೀಗೇ ತಿಳಿದುಕೊಂಡಿರುತ್ತಾರೆ. ಆದರೂ ಆಕೆಯನ್ನು ಬದಿಗೆ ಕರೆದು, ಅವರು ತೆಗೆದದ್ದನ್ನೂ ಹೇಳಿದೆ, ಡಾಕ್ಟರ ಬಾಗಿಲಲ್ಲಿ ನಿಂತದ್ದನ್ನೂ ಹೇಳಿದೆ, ಬೀದಿ ಬಿಟ್ಟದ್ದನ್ನೂ ಹೇಳಿದೆ.

ಆಕೆ ಕೊನೆಯವರೆಗೂ ಕೇಳಿಸಿಕೊಂಡರು. ಬೈಯುತ್ತಾರೆ ಎಂದೇ ನಾನು ಕಾಯುತ್ತಿದ್ದೆ.

"ಹಂಗಾರೆ ನಮ್ಮ ಮ್ಯಾಲೆ ಸಿಟ್ಟಿರ್ಲಿಲ್ಲ" ಎಂದರು. "ಹೆದರ್ಕಂಡಿದ್ರು."

ಮಗಳನ್ನು ಪಡಸಾಲೆಯ ಒಳಗೆ ಕರೆದುಕೊಂಡು ಹೋದರು. ಹುಡುಗಿ ಹೆಣ ಕಂಡು ತಾಯಿಯ ಸೆರಗಿನ ಹಿಂದೆ ಅವಿತುಕೊಂಡಿತು. "ಮುಟ್ಟಿ ನಮಸ್ಕಾರ ಮಾಡವ್ವ, ಹೆದರ್ಬ್ಯಾಡ. ನಮ್ಮಜ್ಜನೇ" ಎಂದು ಆಕೆ ಮುಂದಕ್ಕೆ ಬಿಟ್ಟರು. ಹುಡುಗಿ ಅಂಜುತ್ತಂಜುತ್ತಲೇ ಹೋಗಿ ಪಾದದ ಮೇಲೆ ಕೈಯಿಟ್ಟಿತು. ಈ ಸಲ ಆ ಕಡೆ ಸರಿದು ಹೋಗಲು ಅವರಿಗೆ ಆಗಲಿಲ್ಲ.